ಇಸ್ತ್ರಿ ಮಾಡಿದ ಅಂಗಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಮನೆ. ಅದರ ಪಡಸಾಲೆಯಲ್ಲಿ ಅಕ್ಕೋರು ಚಿತ್ರ ಮಾಡುತ್ತಿದ್ದರು, ಬಂದವರಿಗೆ ಕಲಿಸುತ್ತಲೂ ಇದ್ದರು.

ಅಕ್ಕೋರು ಅಂದರೆ ಆ ಕಡೆ ಶಾಲೆಯ ಟೀಚರು. ಅವರ ಹೆಸರು ದಾನಮ್ಮ. ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಊರಲ್ಲಿ ಯಾರೂ ಉಳಿದಿರಲಿಲ್ಲ, ಹಾಗಾಗಿ ಎಲ್ಲರಿಗೂ ಅಕ್ಕೋರೇ.

ಅವರ ಚಿತ್ರಗಳಿಗೆ ಬಣ್ಣ ಬೇಕಿರಲಿಲ್ಲ. ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರ್ ಹಾಳೆ, ಒಡೆದ ಬಳೆ, ತುಕ್ಕು ಹಿಡಿದ ಮುಚ್ಚಳ, ಹೊಳೆಯಲ್ಲಿ ತೇಲಿಬಂದ ಬಟ್ಟೆಯ ಚೂರು. ಇಂಥವನ್ನು ಹಲಗೆಯ ಮೇಲೆ ಜೋಡಿಸಿ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಪೇಟೆಯವರು ಇದಕ್ಕೆ ಕೊಲಾಜ್ ಅನ್ನುತ್ತಾರೆ. ಊರವರು ಚೇಷ್ಟೆಗೆ ಆ ಮನೆಯನ್ನು ಚಿಂದಿ ಮಠ ಅನ್ನುತ್ತಿದ್ದರು. ಅಕ್ಕೋರಿಗೆ ಆ ಹೆಸರು ಹಿಡಿಸಿತ್ತು.

ಅಲ್ಲಿ ಇದ್ದದ್ದು ಒಂದೇ ನಿಯಮ. ಯಾರೋ ಬಿಟ್ಟದ್ದನ್ನು ಮಾತ್ರ ಅಂಟಿಸಬೇಕು. ಕೊಂಡು ತಂದದ್ದು ನಡೆಯುವುದಿಲ್ಲ. ಬಿಟ್ಟದ್ದೆಲ್ಲ ಪಡಸಾಲೆಯ ಮೂಲೆಯ ರಾಶಿಗೆ ಬೀಳುತ್ತಿತ್ತು. ಆ ರಾಶಿಯಿಂದ ಯಾರಾದರೂ ಏನನ್ನಾದರೂ ಎತ್ತಿಕೊಳ್ಳಬಹುದಿತ್ತು, ಕೇಳುವ ಅಗತ್ಯವಿರಲಿಲ್ಲ.

ಅಲ್ಲಿಗೆ ಬೇರೆ ಊರಿನಿಂದ ಬಾಳವ್ವ ಎಂಬವಳು ಉಳಿದು ಕಲಿಯಲು ಬಂದಳು.

ಬಾಳವ್ವನ ಗಂಡ ಮನೆಗಳಿಗೆ ಬಣ್ಣ ಹಚ್ಚುವ ಕೆಲಸದವನು. ತೀರಿಕೊಂಡಿದ್ದ. ಅವನದೊಂದು ಒಳ್ಳೆಯ ಫೋಟೋ ಇರಲಿಲ್ಲ, ಕ್ಯಾಮೆರಾ ಕಂಡರೆ ಎದ್ದುಹೋಗುವ ಮನುಷ್ಯ. ವರ್ಷದ ದಿನ ಹತ್ತಿರ ಬರುತ್ತಿತ್ತು. ಆ ದಿನ ನೆಂಟರೆಲ್ಲ ಸೇರುತ್ತಾರೆ, ಗೋಡೆಯ ಮೇಲಿನ ಚಿತ್ರಕ್ಕೆ ಹಾರ ಹಾಕುತ್ತಾರೆ. ಅವಳ ಮನೆಯ ಗೋಡೆಯಲ್ಲಿ ಬರೀ ಮೊಳೆ ಇತ್ತು. ಅಲ್ಲಿಗೊಂದು ಚಿತ್ರ ತಾನೇ ಮಾಡಬೇಕೆಂದು ಅವಳು ಬಂದದ್ದು.

ಅವಳ ಚೀಲದಲ್ಲಿ ಗಂಡನ ಅಂಗಿಯೊಂದಿತ್ತು. ತುಂಬು ತೋಳಿನದು, ಅವನು ದಿನವೂ ಕೆಲಸಕ್ಕೆ ಹಾಕುತ್ತಿದ್ದದ್ದು. ಅವನು ಹೋದ ಮೇಲೆ ಬಾಳವ್ವ ಅದನ್ನು ಸೀಮೆಎಣ್ಣೆಯಿಂದ ಉಜ್ಜಿ, ಸಾಬೂನಿನಲ್ಲಿ ನೆನೆಹಾಕಿ, ಬಣ್ಣದ ಒಂದು ಕಲೆಯೂ ಉಳಿಯದಂತೆ ಒಗೆದಿದ್ದಳು. ಇಸ್ತ್ರಿ ಮಾಡಿ ಇಟ್ಟಿದ್ದಳು. ಗೌರವ ಅಂದರೆ ಹಾಗೆ ಇಡುವುದು ಎಂದು ಅವಳ ತಿಳಿವಳಿಕೆ.

ಹಲಗೆ ತುಂಬ ಅವಳು ಪ್ರಯೋಗ ಮಾಡಿದಳು. ಸಿಮೆಂಟ್ ಚೀಲದ ಕಾಗದ ಹರಿದು ಗೋಡೆ ಮಾಡಿದಳು. ಕ್ಯಾಲೆಂಡರ್ ಹಾಳೆಯನ್ನು ನೀರಲ್ಲಿ ನೆನೆಸಿ ಮೇಲಿನ ಪದರ ಸುಲಿದು ಆಕಾಶ ಮಾಡಿದಳು. ಕಾಗದದ ಕೆಳಗೆ ಹೊಳೆಯ ಮರಳು ಹಾಕಿ ನೆಲ ಉಬ್ಬಿಸಿದಳು. ನಡುವಿನ ಜಾಗ ಮಾತ್ರ ಖಾಲಿ ಬಿಟ್ಟಳು. ಅಲ್ಲಿ ಅಂಗಿ ಬರಬೇಕು.

ಅಂಗಿಯನ್ನು ಮಡಿಕೆ ಸಹಿತ ಅಲ್ಲಿಟ್ಟು ನೋಡಿದಳು. ಅಂಗಡಿಯ ಕಪಾಟಿನಂತೆ ಕಂಡಿತು. ಬಿಡಿಸಿ ಇಟ್ಟಳು. ಒಣಹಾಕಿದ ಬಟ್ಟೆಯಾಯಿತು. ಕತ್ತರಿಸಲು ಕೈ ಬರಲಿಲ್ಲ. ಎಲ್ಲಿ ತಪ್ಪುತ್ತಿದೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಅಕ್ಕೋರು ಬಂದು ನಿಂತರು.

“ಇದನ್ನ ಯಾರು ಬಿಟ್ಟಾರ?”

“ನಮ್ಮನಿಯವರು ಬಿಟ್ಟುಹೋಗ್ಯಾರ್ರಿ.”

“ಅವರು ಬಿಟ್ಟಾರ. ನೀ?”

ಕೇಳಿದ ಅಕ್ಕೋರು ಉತ್ತರಕ್ಕೆ ಕಾಯದೆ ಒಳಗೆ ಹೋಗಿಬಿಟ್ಟರು.

ಅವಳು ಮಧ್ಯಾಹ್ನವೆಲ್ಲ ಯೋಚಿಸಿದಳು. ಬಿಟ್ಟದ್ದು ಅಂದರೆ ರಾಶಿಯಲ್ಲಿ ಇರುವುದು. ಹಾಗಾದರೆ ಅಂಗಿಯನ್ನು ಒಂದು ಸಲ ರಾಶಿಗೆ ಹಾಕಿ, ಮರುದಿನ ತಾನೇ ಎತ್ತಿಕೊಂಡರೆ ನಿಯಮ ಪಾಲಿಸಿದಂತೆಯೇ ಆಯಿತಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಸಂಜೆ ಅಂಗಿಯನ್ನು ರಾಶಿಯ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು. ಮಡಿಕೆ ಕೆಡದಂತೆ ಕೆಳಗೊಂದು ಪೇಪರನ್ನೂ ಹಾಸಿದಳು.

ಬೆಳಿಗ್ಗೆ ಬಂದು ನೋಡಿದರೆ ಪೇಪರು ಮಾತ್ರ ಇತ್ತು.

ಅಂಗಿ ಅಕ್ಕೋರ ಮೈಮೇಲಿತ್ತು.

ಹೊಲಕ್ಕೆ ಹೋಗುವ ಹೆಂಗಸರು ಬಿಸಿಲಿಗೆ, ಮುಳ್ಳಿಗೆ ಎಂದು ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಳ್ಳುತ್ತಾರಲ್ಲ, ಹಾಗೇ ಹಾಕಿಕೊಂಡಿದ್ದರು. ಒಲೆಯ ಮುಂದೆ ಕೂತು ಅಂಟು ಕುದಿಸುತ್ತಿದ್ದರು. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದರ ನೀಲಿ ಆಗಲೇ ತೋಳಿಗೆ ಹತ್ತಿತ್ತು.

ಬಾಳವ್ವ ಒಲೆಯ ಹತ್ತಿರ ಬಂದಳು. ಇನ್ನೊಬ್ಬ ಶಿಷ್ಯ ಮುರಿಗೆಪ್ಪ ಅಲ್ಲೇ ಸುತ್ತಿಗೆಯಿಂದ ಡಬ್ಬಿ ತಟ್ಟುತ್ತ ಕೂತಿದ್ದ. ಬೇಗ ಎದ್ದವರಿಗೆ ಸಿಕ್ಕಿತು, ತನ್ನ ಕೈಗೆ ಸಿಕ್ಕಿದ್ದರೆ ಇಷ್ಟೊತ್ತಿಗೆ ಕಾಲರು ತನ್ನ ಹಲಗೆಯ ಕೋಳಿಗೆ ಜುಟ್ಟಾಗಿರುತ್ತಿತ್ತು ಎಂದ. ಅವಳ ಮುಖ ನೋಡಿ ಡಬ್ಬಿಯ ಕಡೆ ತಿರುಗಿಕೊಂಡ.

“ಅಕ್ಕೋರ, ಅದು ನಂದು ರಿ.”

“ರಾಶಿಗೆ ಹಾಕಿದ್ದು ಯಾರು?”

“ನಾನ ರಿ. ಆದರ ಬಿಡಾಕಂತ ಅಲ್ಲ.”

“ಮತ್ತ?”

“ತಿರುಗಿ ತಗೊಳ್ಳಾಕ.”

ಅಕ್ಕೋರು ನಗಲಿಲ್ಲ. ಸೌಟಿನಿಂದ ಅಂಟು ಎತ್ತಿ, ಹದ ಬಂತೇ ಎಂದು ಬೆರಳಲ್ಲಿ ನೋಡಿದರು. ಆ ಬೆರಳನ್ನು ಅಂಗಿಗೇ ಒರೆಸಿದರು.

“ಬಿಡೂದನ್ನೂ ಇಸ್ತ್ರಿ ಮಾಡಿ ಬಿಡ್ತಿ ನೀ.”

ಬಾಳವ್ವ ಸರಸರ ಹೊಳೆಯ ಕಡೆ ನಡೆದಳು. ಊರಿಗೆ ಹೋಗಿಬಿಡೋಣ ಎನಿಸಿತು. ಆದರೆ ಅಂಗಿ ಬಿಟ್ಟು ಹೋಗುವುದು ಹೇಗೆ? ಕಸಿದುಕೊಳ್ಳೋಣ ಎಂದರೆ ಗುರುವಿನ ಮೈಮೇಲಿದೆ. ಮೇಲಾಗಿ ನಿಯಮದಲ್ಲಿ ಅಕ್ಕೋರದು ತಪ್ಪಿಲ್ಲ, ಇಟ್ಟವಳು ತಾನೇ. ತಾನು ಸಿಟ್ಟಾಗಬೇಕಾದದ್ದು ಯಾರ ಮೇಲೆ ಎಂಬುದೂ ಅವಳಿಗೆ ಸ್ಪಷ್ಟವಾಗಲಿಲ್ಲ. ಕಾಲು ನೀರಲ್ಲಿಟ್ಟು ಕೂತು, ಬಿಸಿಲೇರಿದ ಮೇಲೆ ಎದ್ದು ವಾಪಸು ಬಂದಳು.

ಅಕ್ಕೋರು ಅಂಗಿ ತಿರುಗಿ ಕೊಡಲಿಲ್ಲ. ಅಂದೂ ಇಲ್ಲ, ಮುಂದಿನ ದಿನಗಳಲ್ಲೂ ಇಲ್ಲ. ಅದರಲ್ಲೇ ಹಲಗೆ ಹೊತ್ತರು, ತುಕ್ಕು ಕೆರೆದರು. ದಿನ ಮುಗಿದ ಮೇಲೆ ಮೊಳೆಗೆ ಹಾಕುತ್ತಿದ್ದರು, ಬೆಳಿಗ್ಗೆ ಕೊಡವಿ ಹಾಕಿಕೊಳ್ಳುತ್ತಿದ್ದರು. ಒಮ್ಮೆಯೂ ಒಗೆಯಲಿಲ್ಲ.

ಬಾಳವ್ವ ತನ್ನ ಹಲಗೆಯ ಮುಂದೆ ಕೂರುತ್ತಿದ್ದಳು. ಕಣ್ಣು ಹಲಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಇವತ್ತು ಎಲ್ಲಿ ಹೊಸ ಕಲೆಯಾಯಿತು, ಎಲ್ಲಿ ಹೊಲಿಗೆ ಬಿಟ್ಟಿತು ಎಂದು ಅಂಗಿಯನ್ನೇ ಕಾಯುತ್ತಿದ್ದಳು. ನಡುವೆ ವರ್ಷದ ದಿನ ಇನ್ನಷ್ಟು ಹತ್ತಿರವಾಯಿತು. ಮೈದುನ ಫೋನ್ ಮಾಡಿ ಹಾರ ಎಷ್ಟುದ್ದದ್ದು ತರಲಿ ಎಂದು ಕೇಳಿದ. ತಿಳಿಸುತ್ತೇನೆ ಎಂದಳು. ಅವಳಿಗೇ ತಿಳಿದಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕೋರು ದೊಡ್ಡ ಹಲಗೆಯೊಂದನ್ನು ಗೋಡೆಗೆ ಎತ್ತಿ ನಿಲ್ಲಿಸುತ್ತಿದ್ದರು. ಬೆನ್ನು ಬಾಳವ್ವನ ಕಡೆಗಿತ್ತು. ಅಂಟು ಒಣಗಿದರೆ ಬಟ್ಟೆ ರಟ್ಟಿನಂತೆ ಸೆಟೆಯುತ್ತದೆ. ತೋಳು ಮೊಣಕೈ ಹತ್ತಿರ ಮಡಚಿದಂತೆಯೇ ಗಟ್ಟಿಯಾಗಿತ್ತು, ಹೆಗಲು ಮುಂದಕ್ಕೆ ಬಾಗಿತ್ತು. ಅಕ್ಕೋರು ಹಲಗೆ ನಿಲ್ಲಿಸಿ, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು, ಪಕ್ಕದಲ್ಲಿದ್ದ ರೊಟ್ಟಿಯ ಬುಟ್ಟಿಗೆ ಕೈ ಹಾಕಿದರು.

“ಮೊದಲ ಕೈ ತೊಳ್ಕೋರಿ.”

ಅಂದವಳು ಬಾಳವ್ವ. ಅಂದ ಮೇಲೆಯೇ ತಾನು ಏನು ಅಂದೆ ಎಂದು ಅವಳಿಗೆ ಗೊತ್ತಾದದ್ದು. ಗುರುವಿಗೆ ಹಾಗೆ ಗದರುವುದು ಅವಳ ಕನಸಿನಲ್ಲೂ ಇಲ್ಲದ ಮಾತು. ಆ ದನಿ ಈ ಪಡಸಾಲೆಯದಲ್ಲ. ಅದು ಅವಳ ಅಡುಗೆಮನೆಯದು, ದಿನವೂ ಊಟದ ಹೊತ್ತಿಗೆ ಗಂಡನಿಗೆ ಆಡುತ್ತಿದ್ದದ್ದು.

ಮುರಿಗೆಪ್ಪನ ಸುತ್ತಿಗೆ ನಿಂತಿತು.

ಅಕ್ಕೋರು ತಿರುಗಿ ನೋಡಲಿಲ್ಲ. ಕೈ ಹಿಂದಕ್ಕೆ ತೆಗೆದರು. ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದರು. ಕೂತು ರೊಟ್ಟಿ ಮುರಿದರು.

ಬಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳು ಬಂತು, ಅದರೊಳಗೇ ಎಲ್ಲೋ ನಗುವೂ ಬಂತು. ಎರಡರಲ್ಲಿ ಯಾವುದನ್ನು ತಡೆಯಬೇಕು ಎಂದು ತಿಳಿಯದೆ ಎರಡನ್ನೂ ಬಿಟ್ಟಳು.

ಊಟ ಮುಗಿದ ಮೇಲೆ ಎದ್ದು ಅಕ್ಕೋರ ಮುಂದೆ ನಿಂತಳು.

“ಅಕ್ಕೋರ, ನಾ ಆ ಕಲೆ ಒಗೀಬಾರದಿತ್ತೇನ್ರಿ?”

“ಒಗದದ್ದು ಆತಲ್ಲ.”

“ಈಗ ಕತ್ತರಿಸಿ ಅಂಟಿಸಲೇನ್ರಿ?”

“ನನಗ್ಯಾಕ ಕೇಳ್ತಿ?”

“ನನಗ ಒಂದೂ ತಿಳೀವಲ್ದು ರಿ. ವರ್ಷದ ದಿನ ಬಂತು. ನೆಂಟರು ಬರ್ತಾರ. ಹಲಗಿ ನಡುವ ಹಂಗ ಖಾಲಿ ಐತಿ.”

ಅಕ್ಕೋರು ಹಲಗೆಯನ್ನು ನೋಡಿದರು. ಸಿಮೆಂಟ್ ಕಾಗದದ ಗೋಡೆ, ಸುಲಿದ ಆಕಾಶ, ಮರಳಿನ ನೆಲ. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ.

ಅವರು ಅಂಗಿಯ ಗುಂಡಿ ಬಿಚ್ಚತೊಡಗಿದರು. ತೋಳು ಸೆಟೆದುಕೊಂಡಿದ್ದರಿಂದ ಬಿಚ್ಚುವುದು ಸುಲಭವಾಗಲಿಲ್ಲ, ಬಾಳವ್ವನೇ ಹಿಂದಿನಿಂದ ಹಿಡಿದು ಎಳೆಯಬೇಕಾಯಿತು. ಅಂಗಿ ಅವಳ ಕೈಗೆ ಬಂತು. ಅಂಟು, ಬೆವರು, ಒಲೆಯ ಹೊಗೆ ಎಲ್ಲ ಸೇರಿ ಭಾರವಾಗಿತ್ತು. ಮಡಚಲು ನೋಡಿದಳು, ಮಡಚಲಾಗಲಿಲ್ಲ.

ಅದನ್ನು ಹಿಡಿದು, ಚೀಲಕ್ಕೋ ಹಲಗೆಗೋ ಎಂದು ತಿಳಿಯದೆ ನಿಂತಳು.

ಅಕ್ಕೋರು ಒಲೆಯ ಕಡೆ ಕೈ ತೋರಿಸಿದರು.

“ಅಂಟು ತಳ ಹಿಡೀತೈತಿ, ಹೋಗಿ ತಿರುವು. ಅಂಗಿ ಹಾಕ್ಕೊಂಡು ಹೋಗು, ಸೀರಿ ಹೊಲಸಾಗ್ತೈತಿ.”