ದೀಪ ದೊಡ್ಡದು ಮಾಡು

ಬೆಳಗಿನ ಬಿಸಿಲು ಪಡಸಾಲೆಗೆ ಬಂದು ಕೂತಿದ್ದರೂ ಬಲ್ಬು ಉರಿಯುತ್ತಲೇ ಇತ್ತು. ತಿರುಗಿ ತಿರುಗಿ ಸುಸ್ತಾದ ಮೀಟರು, "ಸ್ವಿಚ್ಚಣ್ಣ, ಇವನನ್ನು ಆರಿಸಬಾರದೇ? ಬಿಲ್ಲು ಬಂದಾಗ ಮನೆಯವರು ಮೀಟರೇ ಕೆಟ್ಟಿದೆ ಅಂತ ನನ್ನನ್ನು ಬೈಯುತ್ತಾರೆ" ಎಂದಿತು.

"ಯಾರಾದರೂ ಒತ್ತಿದರೆ ತಾನೇ?" ಎಂದಿತು ಸ್ವಿಚ್ಚು.

ಬಲ್ಬು ಗಹಗಹಿಸಿ ನಕ್ಕಿತು. "ಯಾರೂ ಒತ್ತುವುದಿಲ್ಲ. ದೀಪ ಆರಿಸು ಎನ್ನುವುದು ಈ ಮನೆಯಲ್ಲಿ ಅಪಶಕುನ. ಆ ಮಾತು ಇವರ ಬಾಯಲ್ಲಿ ಬರುವವರೆಗೂ ನನ್ನದೇ ರಾಜ್ಯ!"

ಅಷ್ಟರಲ್ಲಿ ಮನೆಯ ಅಜ್ಜಿ ತುಂಗವ್ವ ಒಳಗಿನಿಂದ ಸೊಸೆಯನ್ನು ಕೂಗಿದರು: "ನೀಲವ್ವಾ, ಹೊತ್ತೇರಿತಲ್ಲ, ಪಡಸಾಲಿ ದೀಪ ದೊಡ್ಡದು ಮಾಡವ್ವಾ."

"ಕೇಳಿದಿರಾ?" ಬಲ್ಬು ಉಬ್ಬಿಹೋಯಿತು. "ನನ್ನನ್ನು ಇನ್ನೂ ದೊಡ್ಡದು ಮಾಡುತ್ತಾರಂತೆ!"

ಸೊಸೆ ಬಂದಳು. ಸ್ವಿಚ್ಚು ಟಕ್ ಎಂದಿತು. ಬಲ್ಬು ಆರಿತು, ಮೀಟರು ಹಾಯಾಗಿ ನಿಂತಿತು.

"ಅಜ್ಜಿ ದೊಡ್ಡದು ಮಾಡು ಅಂದರಲ್ಲ?" ಮೀಟರಿಗೆ ಅಚ್ಚರಿ.

"ಆರಿಸು ಅನ್ನಬಾರದಲ್ಲ, ಅದಕ್ಕೇ ಹಾಗೆ ಅನ್ನುತ್ತಾರೆ" ಎಂದು ಸ್ವಿಚ್ಚು ಎದೆಯುಬ್ಬಿಸಿತು.

ಮೀಟರು ಪಡಸಾಲೆಯನ್ನು ನೋಡಿತು. ಬೆಳಕು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ದೊಡ್ಡ ದೀಪ ಆಗಲೇ ಕಿಟಕಿಯಲ್ಲಿ ಬಂದು ನಿಂತಿತ್ತು.