ಒಂದು ಬುಟ್ಟಿ ಅನುಮಾನ

ನೀರುಗಂಟಿ ದುಗ್ಗಯ್ಯ ಕೆರೆಯ ನೀರು ಕದಿಯುವುದನ್ನು ಒಬ್ಬನೂ ನೋಡಿರಲಿಲ್ಲ. ಆದರೂ ಊರು ಸೇರಿ ಅವನನ್ನು ಕಳ್ಳ ಅಂದಿತು. ತಪ್ಪು ಇದು. ಸುತ್ತಿ ಬಳಸಿ ಹೇಳುವುದಿಲ್ಲ.

ಆದರೆ ಕತೆಯನ್ನು ಸಿಂಗ್ರನಿಂದ ಶುರು ಮಾಡಬೇಕು. ನಿಂಗವ್ವನಿಗೆ ಒಬ್ಬನೇ ಮಗ, ಅವನೂ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ದಿನ ಯಾವನೋ ದಾರಿಹೋಕ ಬಂದ. "ಎಮ್ಮೆ ಹೊಡ್ಕೊಂಡು ಹೋಗು ಅಂದ್ಲು ಕಣಪ್ಪ ನಿಮ್ಮವ್ವ" ಅಂದ. ಸಿಂಗ್ರ ಎಮ್ಮೆ ಬಿಚ್ಚಿಕೊಟ್ಟ. ಹಾಲು ಕರೆಯುವ ಚೊಂಬನ್ನೂ ಕೊಟ್ಟ.

ನಿಂಗವ್ವ ಬಾಯಿ ಬಡಿದುಕೊಂಡಳು. "ಅಯ್ಯೋ ನನ್ನ ಹೊಟ್ಟೆ ಉರಿಸ್ದೋನೆ! ಯಾರು ಏನೇ ಹೇಳ್ಲಿ, ನಂಬಬೇಡ ಕಣ್ಲಾ! ಅನುಮಾನ ಪಡು!"

"ಆಯ್ತವ್ವ."

ಮಾರನೆಯ ದಿನ ಅವಳು ಕೂಗಿದಳು. "ಮಗಾ, ಉಣ್ಣಾಕ್ ಬಾ!"

"ಯಾರು ನೀನು?"

"ನಿಮ್ಮವ್ವ ಕಣ್ಲಾ!"

"ಅಂಗಂತ ನೀನು ಹೇಳ್ತೀಯ. ನಾನು ಹುಟ್ಟಿದ್ದನ್ನ ನಾನು ನೋಡಿದ್ನಾ?"

ಸೂಲಗಿತ್ತಿಯನ್ನು ಕರೆತಂದರು. ಅವಳನ್ನೂ ನಂಬಲಿಲ್ಲ. ಮೂರು ಹೊತ್ತು ಉಪವಾಸ ಕೂತ. ನಿಂಗವ್ವ ಪೊರಕೆ ತಗೊಂಡಳು. "ಎಲ್ಲಾದಕ್ಕೂ ಅನುಮಾನ ಪಟ್ರೆ ಹಸ್ಕೊಂಡು ಸಾಯ್ತೀಯ! ಕಾರಣ ಕಂಡ್ರೆ ಮಾತ್ರ ಪಡು!"

"ಆಯ್ತವ್ವ."

ಕೋರ್ಟಿನ ಇಂಗ್ಲಿಷಿನಲ್ಲಿ ಇದಕ್ಕೆ ರೀಸನಬಲ್ ಡೌಟ್ ಅನ್ನುತ್ತಾರೆ. ಕರೀ ಕೋಟಿನವರು ಅದನ್ನು ದೊಡ್ಡ ಗುಟ್ಟಿನ ಹಾಗೆ ಹೇಳುತ್ತಾರೆ. ಅರ್ಥ ಮಾತ್ರ ನಿಂಗವ್ವ ಪೊರಕೆ ಹಿಡಿದು ಹೇಳಿದ್ದೇ. ಸುಮ್ಮನೆ ಹುಟ್ಟಿದ ಅನುಮಾನ ಅಲ್ಲ, ಕಾರಣ ಇರುವ ಅನುಮಾನ. ಅಂಥದ್ದು ಒಂದು ಉಳಿದರೂ ಯಾರನ್ನೂ ಅಪರಾಧಿ ಅನ್ನುವ ಹಾಗಿಲ್ಲ.

ಪಕ್ಕದ ಮನೆ ಸಾಕವ್ವನ ಹಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು. ಕಾರಣ ಕಂಡಿತು! ಸಿಂಗ್ರ ಸೂರು ಹತ್ತಿ, ಹಂಚು ಸರಿಸಿ, ಒಂದು ಕೊಡ ನೀರು ಸುರಿದ. ಒಲೆ ಆರಿತು, ಸಾರು ಕೆಟ್ಟಿತು, ಸಾಕವ್ವನ ತಲೆ ನೆಂದಿತು.

"ನಿನ್ನ ಕೈ ಸೇದೋಗ! ಅಡಿಗೆ ಮಾಡ್ತಿದ್ದೆ ಕಣೋ!"

ನಿಂಗವ್ವ ಹಣೆ ಹಣೆ ಚಚ್ಚಿಕೊಂಡಳು. "ಕಾರಣ ಕಂಡ ತಕ್ಷಣ ಕುಣೀಬೇಡ! ಅದನ್ನ ತಂದು ನಾಲ್ಕು ಜನದ ಮುಂದೆ ಇಡು! ಅವರೂ ನೋಡ್ಲಿ!"

"ಆಯ್ತವ್ವ."

ಆ ವಾರವೇ ಪಂಚಾಯ್ತಿ ಸೇರಿತು. ಕೆರೆ ಒಂದೇ ದಿನಕ್ಕೆ ಮೊಣಕಾಲುದ್ದ ಇಳಿದಿತ್ತು. ತೂಬು ಎತ್ತುವ ಕೆಲಸ ದುಗ್ಗಯ್ಯನದು, ಹಾಗಾಗಿ ಕಳ್ಳನೂ ಅವನೇ ಅಂದ ಪಟೇಲ ದಾಸೇಗೌಡ. ಪಂಚಾಯ್ತಿಯ ಐದು ಮನೆಯವರು ತಟ್ಟೆಯಿಂದ ಒಂದೊಂದು ವೀಳ್ಯದೆಲೆ ಎತ್ತಿದರೆ ತೀರ್ಪಾದ ಹಾಗೆ. ಒಂದು ಎಲೆ ಉಳಿದರೂ ತೀರ್ಪಿಲ್ಲ. ಐದೂ ಎದ್ದರೆ ದುಗ್ಗಯ್ಯ ಹೆಂಡತಿ ಮಕ್ಕಳ ಸಮೇತ ಊರು ಬಿಡಬೇಕು.

"ಬುದ್ಧೀ, ನನಗೆ ಗೇಣು ಗದ್ದೆ ಇಲ್ಲ. ನೀರು ಕದ್ದು ಎಲ್ಲಿಗೆ ಬಿಡ್ಲಿ?" ಅಂದ ದುಗ್ಗಯ್ಯ.

ನಾಲ್ಕು ಮನೆಯವರು ಪಟೇಲನ ಮುಖ ನೋಡಿದರು. ಯಾಕೆ ನೋಡಿದರು? ನೀವೇ ಯೋಚನೆ ಮಾಡಿ. ನಾಲ್ವರು ಎಲೆ ಎತ್ತಿದರು. ಅಪ್ಪ ಸತ್ತಿದ್ದರಿಂದ ಐದನೆಯ ಮನೆಯ ಪರವಾಗಿ ಸಿಂಗ್ರ ಕೂತಿದ್ದ.

"ಎತ್ತೋ ಎಲೆ!" ಅಂದ ಪಟೇಲ.

"ಗೌಡ್ರೆ, ಎಲ್ಲರ ಗದ್ದೆ ಬಿರುಕು ಬಿಟ್ಟೈತೆ. ನಿಮ್ಮ ಗದ್ದೇಲಿ ನನ್ನ ಕಾಲು ಹೂತ್ಕೊಳ್ತು."

"ಏನ್ಲಾ ಬೊಗಳ್ತೀಯ?"

"ಇರಿ, ತತ್ತೀನಿ!"

ಓಡಿದ. ಬುಟ್ಟಿ ತುಂಬ ಹಸಿ ಕೆಸರು ಹೊತ್ತು ತಂದು ನಾಲ್ವರ ಮುಂದೆ ದಬ್ಬನೆ ಸುರಿದ. "ಕಾರಣ!" ಅಂದ. ಕೆಸರಿನಿಂದ ಒಂದು ಕಪ್ಪೆ ನೆಗೆದು ಪಟೇಲನ ಬಿಳಿ ಪಂಚೆಯ ಮೇಲೆ ಕೂತಿತು.

"ಸಾಕು ನಿಲ್ಸೋ!"

"ಇನ್ನೂ ಐತೆ ಗೌಡ್ರೆ!"

ಎರಡನೆಯ ಬುಟ್ಟಿ. ಮೂರನೆಯ ಬುಟ್ಟಿ. ಐದನೆಯದಕ್ಕೆ ತಟ್ಟೆ ಮುಚ್ಚಿಹೋಯಿತು. ಉಳಿದಿದ್ದ ಎಲೆ ಕೆಸರಿನ ಕೆಳಗೆ ಸೇರಿತು. ಎಲೆ ಏಳಲಿಲ್ಲ, ತೀರ್ಪು ಆಗಲಿಲ್ಲ, ದುಗ್ಗಯ್ಯ ಮನೆಗೆ ಹೋದ. ಸಿಂಗ್ರ ಆಗಲೇ ಆರನೆಯ ಬುಟ್ಟಿಗೆ ಹೊರಟಿದ್ದ. ಇಡೀ ಗದ್ದೆಯನ್ನೇ ಹೊತ್ತು ತರಬೇಕು ಅಂದುಕೊಂಡಿದ್ದ ಪಾಪ.

ಅವನು ಪೆದ್ದನಂತೆ. ಎಲೆ ಎತ್ತಿದ ನಾಲ್ವರು ಬುದ್ಧಿವಂತರಂತೆ. ನಾಳೆ ನಿಮ್ಮ ಮುಂದೆಯೂ ಒಬ್ಬನನ್ನು ನಿಲ್ಲಿಸಿ ಕಳ್ಳ ಅನ್ನುತ್ತಾರೆ. ಅನ್ನುವವನ ಗದ್ದೆಯನ್ನು ಮೊದಲು ತುಳಿದು ನೋಡಿ. ಕಾರಣ ಇರುವ ಒಂದೇ ಒಂದು ಅನುಮಾನ ಉಳಿದಿದ್ದರೂ, ಯಾರೇ ಗದರಲಿ, ಎಲೆ ಎತ್ತಬೇಡಿ.