ವೈರಾಗಿಯ ಉಪವಾಸ

ನದಿಯ ದಂಡೆಯಲ್ಲಿ ಸಿಕ್ಕಿದ ನಾಯಿಮರಿಯನ್ನು ಅಚ್ಯುತ ಆಶ್ರಮಕ್ಕೆ ಎತ್ತಿಕೊಂಡು ಬಂದಾಗ ಗುರುಗಳು ಕೇಳಿದ್ದು ಒಂದೇ ಮಾತು.

“ನಾಯಿ ಸಾಕಿ ಗೊತ್ತಿದೆಯೇ?”

“ಇಲ್ಲ ಗುರುಗಳೇ. ಇದಕ್ಕೆ ಎಲ್ಲ ಕಲಿಸುತ್ತೇನೆ.”

ಗುರುಗಳು ಕೇಳಿದ್ದು ಅದನ್ನಲ್ಲ.

ಅಚ್ಯುತ ಮರಿಗೆ ವೈರಾಗಿ ಎಂದು ಹೆಸರಿಟ್ಟ. ತಾನು ಮೊದಲ ತುತ್ತು ಉಂಡ ಮೇಲೆಯೇ ಅದು ತಟ್ಟೆಗೆ ಬಾಯಿ ಹಾಕಬೇಕೆಂದು ಹತ್ತೇ ದಿನದಲ್ಲಿ ಕಲಿಸಿದ. ಹಸಿದವರು ಬೇಗ ಕಲಿಯುತ್ತಾರೆ.

ಅಷ್ಟರಲ್ಲಿ ಏಕಾದಶಿ ಬಂತು. ಅಚ್ಯುತನಿಗೆ ಅದು ಇಪ್ಪತ್ತನಾಲ್ಕನೆಯದು. ವರ್ಷದ ಇಪ್ಪತ್ತನಾಲ್ಕು ಏಕಾದಶಿಗಳನ್ನೂ ಬಿಡದೆ ಉಪವಾಸ ಮಾಡಿದವನಿಗೆ ಮರುದಿನ ಮಂತ್ರೋಪದೇಶ. ಅದು ಆಶ್ರಮದ ಪದ್ಧತಿ.

ಒಲೆ ಹೊತ್ತಲಿಲ್ಲ. ಅಚ್ಯುತ ಮರಿಯ ತಟ್ಟೆಯನ್ನೂ ತೊಳೆದು ಬೋರಲು ಹಾಕಿದ.

ಪೂಜೆಗೆ ಹೂವು ತರುವ ಪದ್ಮಕ್ಕ ಅದನ್ನು ನೋಡಿದಳು.

“ಅಯ್ಯೋ, ಇದಕ್ಕೂ ಏಕಾದಶಿಯೇ?”

“ಆಶ್ರಮದ ನಾಯಿ, ಪದ್ಮಕ್ಕ.”

“ಹಾಗಾದರೆ ಒಂದು ಜಪಮಾಲೆಯನ್ನೂ ಕೊಟ್ಟುಬಿಡು ಮಾರಾಯ.”

ಮಧ್ಯಾಹ್ನದವರೆಗೆ ಮರಿ ಅವನ ಪಂಚೆಯ ಅಂಚು ಹಿಡಿದು ಜಗ್ಗಿತು. ಆಮೇಲೆ ಮಲಗಿತು. ಅದು ಧ್ಯಾನದಲ್ಲಿದೆ ಎಂದು ಅಚ್ಯುತ ತಿಳಿದ.

ಸಂಜೆ ಕರೆದಾಗ ಅದು ಏಳಲು ಹೋಯಿತು. ಕಾಲು ನಡುಗಿ ಬಿತ್ತು. ಒಸಡು ಬಿಳಿಚಿಕೊಂಡಿತ್ತು.

ಅವನು ಅದನ್ನು ಎದೆಗವಚಿಕೊಂಡು ಗುರುಗಳ ಬಳಿಗೆ ಓಡಿದ.

“ಗುರುಗಳೇ, ಇದಕ್ಕೆ ಏನೋ ಆಗಿದೆ!”

“ಏನು ತಿಂದಿತು?”

“ಇವತ್ತು ಏಕಾದಶಿ…”

“ನಿನಗೆ.”

ಗುರುಗಳು ಎದ್ದು ಹೋಗಿ ಒಲೆ ಹೊತ್ತಿಸಿದರು. ಏಕಾದಶಿಯ ದಿನ ಆ ಅಡುಗೆಮನೆಯಿಂದ ಹೊಗೆ ಎದ್ದದ್ದು ಮೂವತ್ತು ವರ್ಷಗಳಲ್ಲಿ ಅದೇ ಮೊದಲು. ಅನ್ನವನ್ನು ಮೆತ್ತಗೆ ಬೇಯಿಸಿ, ಆರಿಸಿ, ಬೆರಳಲ್ಲಿ ಹಿಸುಕಿ, ಮೊಸರು ಕಲಸಿ ಮರಿಯ ಬಾಯಿಗೆ ಹಿಡಿದರು.

ಮರಿ ಮೂಸಿತು. ಬಾಯಿ ತೆರೆಯಲಿಲ್ಲ. ಕಣ್ಣೆತ್ತಿ ಅಚ್ಯುತನನ್ನು ನೋಡಿತು.

“ತಿನ್ನೋ, ತಿನ್ನು,” ಎಂದ ಅಚ್ಯುತ.

ಅದು ನೋಡುತ್ತಲೇ ಇತ್ತು.

“ಯಾಕೆ ತಿನ್ನುತ್ತಿಲ್ಲ ಗುರುಗಳೇ?”

“ನೀನು ಕಲಿಸಿದ್ದನ್ನು ಅದು ಮರೆತಿಲ್ಲ.”

ಗುರುಗಳು ತಟ್ಟೆಯನ್ನು ಅವನ ಮುಂದೆ ಇಟ್ಟರು.

ಅಚ್ಯುತ ತಟ್ಟೆಯನ್ನು ನೋಡಿದ. ನಾಳಿನ ಉಪದೇಶಕ್ಕೆಂದು ಒಗೆದು ಹರವಿದ್ದ ಮಡಿವಸ್ತ್ರವನ್ನು ನೋಡಿದ.

“ಬೆಳಗಾದರೆ ವ್ರತ ಪೂರ್ತಿಯಾಗುತ್ತದೆ ಗುರುಗಳೇ. ಉಳಿದಿರುವುದು ಒಂದೇ ರಾತ್ರಿ.”

“ಯಾರಿಗೆ?”

ಅವನ ಅಂಗೈಯಲ್ಲಿ ಮರಿಯ ತಲೆ ಭಾರವಾಗುತ್ತಿತ್ತು.

ಅಚ್ಯುತ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡ. ನುಂಗಲು ಹೊತ್ತು ಹಿಡಿಯಿತು. ಮರಿ ಅವನ ಗಂಟಲನ್ನೇ ನೋಡುತ್ತಿತ್ತು. ತುತ್ತು ಇಳಿದ ಮೇಲೆ ಮೆಲ್ಲನೆ ನಾಲಗೆ ಚಾಚಿತು.

ತಟ್ಟೆ ಬರಿದಾಯಿತು. ಮರಿ ಬಾಲವನ್ನು ಒಂದು ಸಲ ನೆಲಕ್ಕೆ ಬಡಿದು, ಅವನ ಮಡಿಲಲ್ಲೇ ನಿದ್ದೆಹೋಯಿತು.

“ಇಪ್ಪತ್ತಮೂರು ಏಕಾದಶಿ ನೀರಿನಲ್ಲಿ ಹೋಮ ಮಾಡಿದಂತಾಯಿತು,” ಎಂದ ಅಚ್ಯುತ. “ಮತ್ತೆ ಒಂದರಿಂದ ಎಣಿಸಲೇ, ಗುರುಗಳೇ?”

ಗುರುಗಳು ಬರಿದಾದ ತಟ್ಟೆಯನ್ನು ಅವನ ಕೈಗೆ ಕೊಟ್ಟರು.

“ಎಣಿಸು. ಈ ವಯಸ್ಸಿನ ಮರಿಗೆ ದಿನಕ್ಕೆ ನಾಲ್ಕು ಊಟ.”